ಹನ್ನೆರಡು ಎಣಿಕೆ

ಮುಂದಿನ ಲಾರಿಯ ಇಂಡಿಕೇಟರ್ ಮಿನುಗುತ್ತಿದೆ, ಒಂದು, ಎರಡು, ಮೂರು, ಎಡಕ್ಕೆಂದು ಹೇಳುವ ಲಾರಿ ಎಡಕ್ಕೂ ಹೋಗದು ನೇರಕ್ಕೂ ಹೋಗದು, ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಶನಿವಾರದ ಜಾಮ್, ನಾಲ್ಕು, ಐದು — ಐದಕ್ಕೆ ಜಯಮಾಲಾ ನಿಂತಳು, ಅದರಾಚೆ ಎಣಿಸಲು ಮನಸ್ಸು ಒಪ್ಪಲಿಲ್ಲ. ಮಡಿಲಲ್ಲಿ ಹೂಗುಚ್ಛ, ಅದರ ಸುತ್ತಿನ ಪ್ಲಾಸ್ಟಿಕ್ ಹಾಳೆ ಅವಳು ಉಸಿರಾಡಿದರೂ ಚರಚರ ಎನ್ನುತ್ತದೆ, ಮುಖ್ಯ ಅತಿಥಿ ಕೊಟ್ಟದ್ದು, ಅದನ್ನು ಕೊಡಲು ಅವರು ಎದ್ದಾಗ ಅವಳ ಸಂಗೀತ ಮುಗಿದಿರಲಿಲ್ಲ, ಇನ್ನೂ ಆರು ನಿಮಿಷ ಬಾಕಿಯಿತ್ತು, ಹತ್ತೊಂಬತ್ತು ನಿಮಿಷದ ಕೃತಿ, ಆರು ವರ್ಷ ಬರೆದದ್ದು, ನಲವತ್ತು ವಾದ್ಯಗಳಿಗೆ, ನಗರದ ಇನ್ನೊಂದು ತುದಿಯ ಗಿಗಿರಿಯ ಸಭಾಂಗಣದಲ್ಲಿ ಇವತ್ತು ಮಧ್ಯಾಹ್ನ ಮೊದಲ ಸಲ, ಬಹುಶಃ ಕೊನೆಯ ಸಲವೂ. ಪಕ್ಕದಲ್ಲಿ ಗಂಡ ಧನಂಜಯ ಸ್ಟೇರಿಂಗ್ ಮೇಲೆ ಬೆರಳು ಬಡಿಯುತ್ತಿದ್ದಾನೆ, ತಾಳವಿಲ್ಲದೆ, ಖುಷಿಯಿಂದ, ಹಾಲ್ ಫುಲ್ ಆಗಿತ್ತಲ್ಲ ಜಯಾ, ನಮ್ಮ ಬದರೀನಾಥ್ ಸರ್ ಕೂಡ ಹೇಳಿದ್ರು, ಚಿಕ್ಕದು ಚೊಕ್ಕದು, ಬೋರೇ ಆಗ್ಲಿಲ್ಲ ಅಂತ. ಚಿಕ್ಕದು ಚೊಕ್ಕದು — ಅವಳ ಇಡೀ ವೃತ್ತಿಯನ್ನು ಗಂಡನ ಮೇಲಧಿಕಾರಿ ಎರಡು ಪದದಲ್ಲಿ ಬರೆದುಬಿಟ್ಟ, ಮೈಸೂರಿನ ಪಿಟೀಲು, ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳು, ಮದುವೆ, ನೈರೋಬಿ, ಶಾಲೆಯಲ್ಲಿ ಪಿಯಾನೊ ಪಾಠ, ಕನ್ನಡ ಸಂಘದ ಸ್ವಾಗತಗೀತೆಗೆ ಪ್ರತಿವರ್ಷ ಹೊಸ ಧಾಟಿ, ನಿಮ್ಮ ಸಂಗೀತದಲ್ಲಿ ಸಿತಾರ್ ಇಲ್ಲವೇ ಎನ್ನುವ ಬಿಳಿಯರು, ನಿಮ್ಮದ್ರಲ್ಲಿ ಹಾಡೇ ಇಲ್ವಲ್ರೀ ಎನ್ನುವ ನಮ್ಮವರು.

ಅವಳ ಕೃತಿಯ ನಡುವಿನ ಮೌನ ಕೂಡ ಇಲ್ಲಿಯದೇ, ಈ ರಸ್ತೆಯದು, ಅಗೋ ಆ ನೀಲಿ ಗೇಟಿನ ಹಿಂದೆ ಧನಂಜಯ ಕೆಲಸ ಮಾಡುವ ಮಾತ್ರೆ ಕಾರ್ಖಾನೆ, ಕರೆಂಟು ಹೋದಾಗ ಯಂತ್ರಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಜನರೇಟರ್ ಏಳಲು ಹನ್ನೆರಡು ಸೆಕೆಂಡ್, ಒಮ್ಮೆ ಊಟ ಮಾಡುತ್ತಾ ಅವನೇ ಹೇಳಿದ್ದ, ಆ ಹನ್ನೆರಡು ಸೆಕೆಂಡ್ ನನ್ನ ಜೀವ ಹೋಗಿ ಬರುತ್ತೆ ಕಣೇ. ಅನ್ನ ಕಲಸುತ್ತಿದ್ದ ಅವಳ ಕೈ ನಿಂತಿತ್ತು, ಆರು ವರ್ಷ ಅಲ್ಲಿಂದ ಶುರು — ಹದಿಮೂರು ನಿಮಿಷ ಇಡೀ ವಾದ್ಯವೃಂದದ ಗಡಗಡ, ಆಮೇಲೆ ಹನ್ನೆರಡು ಎಣಿಕೆ ಏನೂ ಇಲ್ಲ, ಆಮೇಲೆ ಒಂದೇ ಟ್ರಂಪೆಟ್, ಅದರ ಹಿಂದೆ ಒಂದೊಂದಾಗಿ ಮಿಕ್ಕವು. ಪೊಲೀಸ್ ಬ್ಯಾಂಡಿನ ಒಟಿಯೆನೊ ಆ ಒಂದು ಸ್ವರಕ್ಕಾಗಿ ಸೌತ್ ಬಿ ಬಡಾವಣೆಯ ಅವಳ ಮನೆಗೆ ಹನ್ನೊಂದು ಭಾನುವಾರ ಬಂದ, ಎಲ್ಲಿ ಹುಟ್ಟಿತು ಅಂತ ಯಾರಿಗೂ ಗೊತ್ತಾಗಬಾರದು, ಅಲ್ಲವೇ ಮಾಮಾ — ಸ್ವಾಹಿಲಿಯಲ್ಲಿ ಅಮ್ಮ — ಹೌದು ಒಟಿಯೆನೊ, ಇನ್ನೂ ಮೆಲ್ಲಗೆ. ನಾನು ನಮ್ಮನೆಯವರಿಗೆ ಹೇಳಿದ್ದೆ, ಮಧ್ಯೆ ಮೌನ ಬರುತ್ತೆ ಕಣ್ರೀ ಅಂತ ಹೇಳಿದ್ದೆ, ಹೂಂ ಅಂದಿದ್ದರು, ಫೋನ್ ನೋಡುತ್ತಾ. ವೇದಿಕೆಯ ಪಕ್ಕದ ಕತ್ತಲಲ್ಲಿ ನಿಂತು ಅವಳು ಎಣಿಸುತ್ತಿದ್ದಳು, ಒಂದು, ಎರಡು, ಸಭೆ ಉಸಿರು ಹಿಡಿದಿದೆ, ಹಿಡಿದಿದೆ ದೇವರೇ, ನಾಲ್ಕು, ಐದು — ಎಲ್ಲಿಂದಲೋ ಒಂದು ಚಪ್ಪಾಳೆ, ಹಿಂದೆಯೇ ಒಂದು ಸಾಲು, ಆಮೇಲೆ ಇಡೀ ಸಭಾಂಗಣ, ಮುಖ್ಯ ಅತಿಥಿ ಎದ್ದೇಬಿಟ್ಟರು, ವಾದ್ಯವೃಂದದ ನಿರ್ದೇಶಕಿ ಮೇಲೆತ್ತಿದ ಕೈ ಇಳಿಸಿ ಅವಳತ್ತ ನೋಡಿ ತುಟಿ ಅಲ್ಲಾಡಿಸಿದಳು, ಬಿಡು, ಅತಿಥಿ ಎದ್ದಾಯಿತು. ಹಿಂದಿನ ಸಾಲಿನಲ್ಲಿ ಒಟಿಯೆನೊ, ತುಟಿಗೆ ಟ್ರಂಪೆಟ್, ಎದೆ ತುಂಬಾ ಉಸಿರು.

ಇನ್ನೊಂದು ಸೀಕ್ರೆಟ್ ಹೇಳ್ಲಾ ಜಯಾ, ಧನಂಜಯ ನಗುತ್ತಿದ್ದಾನೆ, ಚಪ್ಪಾಳೆ ಶುರು ಮಾಡಿದ್ದು ನಾನೇ. ಹೋದ ಸಲ ನಿನ್ನ ಬೇರೆ ಪೀಸ್ ಮುಗಿದದ್ದೇ ಯಾರಿಗೂ ತಿಳೀಲಿಲ್ಲ, ಒಬ್ರೂ ತಟ್ಟಲಿಲ್ಲ, ನೀನು ಎರಡು ದಿನ ಅತ್ತೆ, ಅವತ್ತೇ ಡಿಸೈಡ್ ಮಾಡಿದ್ದೆ, ಫ್ಯಾಕ್ಟರಿಯವರಿಗೆಲ್ಲ ಹೇಳಿಟ್ಟಿದ್ದೆ, ಮ್ಯೂಸಿಕ್ ನಿಂತಿದ್ದು ಗ್ಯಾರಂಟಿ ಆದ ತಕ್ಷಣ ನಾನು ಹೊಡೀತೀನಿ, ನೀವೂ ಹೊಡೀರಿ ಅಂತ. ಅವಳು ಅವನ ಅಂಗೈ ನೋಡಿದಳು, ಇನ್ನೂ ಕೆಂಪಗಿದೆಯೇನೋ, ಎಷ್ಟು ಪ್ರೀತಿಯಿಂದ ಕೊಂದೆಯಪ್ಪಾ, ನೀನೇ ಕೊಟ್ಟ ಹನ್ನೆರಡರಲ್ಲಿ ಏಳನ್ನು ನೀನೇ ತಿಂದೆಯಲ್ಲ. ಹಿಂದಿನ ಸೀಟಿನಿಂದ ಮಗಳು ಸಾನ್ವಿ, ಹನ್ನೊಂದು ಭಾನುವಾರ ಗೋಡೆಯಾಚೆ ಹೋಮ್‌ವರ್ಕ್ ಮಾಡಿದವಳು, ಇಯರ್‌ಫೋನ್ ತೆಗೆದು, ಬಟ್ ಅಮ್ಮಾ, ವೇರ್ ವಾಸ್ ದ ಟ್ರಂಪೆಟ್ ಪಾರ್ಟ್? ಎಂದು ಆ ಸ್ವರವನ್ನು ಮೆಲ್ಲಗೆ ಗುನುಗಿದಳು, ಸರಿಯಾಗಿ, ಎಲ್ಲಿ ಹುಟ್ಟಿತೆಂದು ತಿಳಿಯದ ಹಾಗೆ. ಯಾವ ಟ್ರಂಪೆಟ್? ಧನಂಜಯನ ಬೆರಳು ನಿಂತಿತು, ನಗು ಮುಖದ ಮೇಲೆ ಇನ್ನೂ ಇದೆ, ಇಳಿಯಲು ದಾರಿ ಸಿಗದೆ, ಇನ್ನೂ ಇತ್ತಾ ಜಯಾ? ಇಲ್ಲ ಅಂದರೆ ಇವರು ಇವತ್ತು ನಿದ್ದೆ ಮಾಡುತ್ತಾರೆ, ಹೌದು ಅಂದರೆ ಇನ್ನೆಂದೂ ಚಪ್ಪಾಳೆ ತಟ್ಟಲಾರರು, ಅವಳು ಹೇಳಲೆಂದು ಉಸಿರೆಳೆದುಕೊಂಡಳು, ಮಡಿಲಲ್ಲಿ ಹಾಳೆ ಚರಚರ ಎಂದಿತು, ಲಾರಿಯ ಇಂಡಿಕೇಟರ್, ಮೂರು, ನಾಲ್ಕು, ಐದು — ತುಟಿಗೆ ಟ್ರಂಪೆಟ್, ಎದೆ ತುಂಬಾ ಉಸಿರು, ತುಟಿಗೆ ಟ್ರಂಪೆಟ್, ಎದೆ ತುಂಬಾ