ಸತ್ತವರು ಆಳಿದ ಹದಿಮೂರು ದಿನ

"ಕಾಯ್ ತಪಾಸ್ತಾಯ್ ಬಾಯಿ? ಪೋರಾಂಚೆ ಪೇಪರ್?"

ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಎದುರಿಗೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು ಕೇಳಿದಳು. ವನಮಾಲಾಳ ತೊಡೆಯ ಮೇಲೆ ಅಚ್ಚಿನ ಕರಡು, ಕೈಯಲ್ಲಿ ಕೆಂಪು ಪೆನ್ನು. ಅಂಥವಳು ಮಕ್ಕಳ ಪೇಪರು ತಿದ್ದುವ ಟೀಚರಲ್ಲದೆ ಇನ್ನೇನು?

"ನಾಹಿ ಹೋ, ಪಂತಪ್ರಧಾನ್ ತಪಾಸ್ತೇ," ಎಂದಳು ವನಮಾಲಾ. ಪ್ರಧಾನ ಮಂತ್ರಿಗಳನ್ನು ತಿದ್ದುತ್ತಿದ್ದೇನೆ ಅಂತ.

ಆಕೆಯ ಕೈ ಸೊಪ್ಪಿನಲ್ಲೇ ನಿಂತಿತು. "ಮಗ್? ಪಾಸ್ ಕಾ ನಾಪಾಸ್?"

"ನಾಪಾಸ್."

ಡಬ್ಬಿಯ ಆ ಮೂಲೆಗೆ ಮೂಲೆಯೇ ನಕ್ಕಿತು. ವನಮಾಲಾ ನಗಲಿಲ್ಲ. ಘಾಟ್ಕೋಪರ್ ಬಂತು, ಕರಡನ್ನು ಮಡಚಿ ಚೀಲಕ್ಕೆ ತುರುಕಿ ಇಳಿದಳು. ಇಳಿದಳೇನು, ಹಿಂದಿದ್ದವರು ಇಳಿಸಿದರು.

ಸಂಗತಿ ಇಷ್ಟು. ಮುಂಬಯಿಯಲ್ಲಿ ಹುಟ್ಟಿದ ಕನ್ನಡ ಮಕ್ಕಳಿಗೆ ಮನೆಯಲ್ಲಿ ಕನ್ನಡ ಕೇಳಿ ಗೊತ್ತು, ಓದಿ ಗೊತ್ತಿಲ್ಲ. ಅವರಿಗಾಗಿ ಒಂದು ಜ್ಞಾನಕೋಶ ತರಬೇಕು, ಅದರಲ್ಲಿ ನದಿ, ಪರ್ವತ, ಗ್ರಹ, ಹಕ್ಕಿ, ರಾಷ್ಟ್ರನಾಯಕರು ಎಲ್ಲ ಇರಬೇಕು ಎಂದು ಕನ್ನಡ ಸಂಘದ ಅಧ್ಯಕ್ಷ ವೆಂಕಟಸುಬ್ಬಯ್ಯನವರು ಹೊರಟಿದ್ದರು. ರಿಟೈರಾದ ಇಂಜಿನಿಯರು, ಸೇತುವೆ ಕಟ್ಟಿದ ಶಿಸ್ತಿನಲ್ಲೇ ಪುಸ್ತಕ ಕಟ್ಟಬೇಕೆಂಬ ಹಟ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೂಗಿ ನೋಡಬೇಕು ಎಂಬ ನಿಯಮವೂ ಅವರದೇ. ನಿಜವೇ, ಪೂರ್ತಿಯೇ, ಯಾರ ಕಡೆಗಾದರೂ ವಾಲಿದೆಯೇ, ಮಗುವಿಗೆ ತಿಳಿಯುತ್ತದೆಯೇ? ನೋಡಿ, ಪುಟದ ಕೆಳಗೆ 'ಸರಿಯಿದೆ' ಎಂದು ಸಹಿ ಹಾಕಬೇಕು. ಸಹಿ ಇಲ್ಲದ ಪುಟ ಅಚ್ಚಿಗಿಲ್ಲ. ಆ ಸಹಿಯ ಕೆಲಸಕ್ಕೆ, ಭಾನುವಾರದ ಕನ್ನಡ ಕ್ಲಾಸು ನಡೆಸುತ್ತಿದ್ದ ವನಮಾಲಾಳನ್ನು ಹಿಡಿದದ್ದೂ ಅವರೇ.

ಹಕ್ಕಿಗಳು ಪಾಸಾದವು. ಗ್ರಹಗಳು ಒಂದೇ ಸಲಕ್ಕೆ ಪಾಸಾದವು. ತೊಂದರೆ ಬಂದದ್ದು 'ನಮ್ಮ ಪ್ರಧಾನ ಮಂತ್ರಿಗಳು' ಪಟ್ಟಿಗೆ. ಅದನ್ನು ಸ್ವತಃ ವೆಂಕಟಸುಬ್ಬಯ್ಯನವರು ಬರೆದಿದ್ದರು. ಎರಡು ವರ್ಷ ತುಂಬುವುದರೊಳಗೆ ದಿಲ್ಲಿಯಲ್ಲಿ ಮೂವರು ಹೊಸಬರು ಬಂದು, ಪ್ರತಿ ಸಲವೂ ಪುಟ ಕೆಡವಿ ಕಟ್ಟಬೇಕಾಯಿತು. ದಾದರಿನ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವ ಭೀಮರಾಯ ಕೈಮುಗಿದಿದ್ದ: "ದಿಲ್ಲಿಯವ್ರಿಗೆ ಒಂದ್ ಕಾಗದ ಬರೀರಿ ಬಾಯಾರ, ಸ್ವಲ್ಪ ಕುಂಡ್ರಂತ ಹೇಳ್ರಿ. ನನ್ನ ಮೊಳಿ ಸವದ ಹೋದ್ವು."

ಈಗ, ತೊಂಬತ್ತೊಂದರ ಮಳೆ ಮುಗಿಯುವ ಹೊತ್ತಿಗೆ, ದಿಲ್ಲಿ ಕುಳಿತಿತ್ತು. ತೀರದೆ ಉಳಿದದ್ದು ಬೇರೆ ಜಗಳ.

ಸಂಘದ ಕೋಣೆ ಇದ್ದದ್ದು ಘಾಟ್ಕೋಪರಿನಲ್ಲಿ, ರಮಾನಾಥರ ಹೋಟೆಲಿನ ಮಹಡಿಯ ಮೇಲೆ. ಉಡುಪಿ ಕಡೆಯ ರಮಾನಾಥರು ಬಾಡಿಗೆ ಎತ್ತುತ್ತಿರಲಿಲ್ಲ. ಬದಲಿಗೆ ಸಭೆಯಲ್ಲಿ ಮಾತಾಡುವ ಹಕ್ಕನ್ನು ಪೂರ್ತಿ ವಸೂಲು ಮಾಡುತ್ತಿದ್ದರು. ಮೆಟ್ಟಿಲು ಹತ್ತಿದರೆ ಎದುರಿಗೇ ಮರದ ಫಲಕ: 'ಸಂಘದ ಕಾರ್ಯದರ್ಶಿಗಳು'. ಬಿಳಿ ಬಣ್ಣದಲ್ಲಿ ಹೆಸರು, ಹೆಸರಿನ ಮುಂದೆ ವರ್ಷ. ವನಮಾಲಾ ಅದನ್ನು ನೋಡದೆ ಒಳಗೆ ಹೋಗುವುದನ್ನು ವರ್ಷಗಳಿಂದ ರೂಢಿ ಮಾಡಿಕೊಂಡಿದ್ದಳು.

"ಬನ್ನಿ ಬನ್ನಿ, ವನಮಾಲಾ," ಎಂದರು ವೆಂಕಟಸುಬ್ಬಯ್ಯ. "ಸಹಿ ಆಯ್ತೇನಮ್ಮಾ? ಭೀಮರಾಯ ಕಾಯ್ತಿದಾನೆ."

"ಇಲ್ಲ ಸಾರ್. ಹಿಂದಿನ ಕರಡಿನಲ್ಲಿ ನಂದಾ ಅವರ ಹೆಸರಿತ್ತು. ಹಂಗಾಮಿ ಪ್ರಧಾನಿ ಅಂತ ಎರಡು ಕಡೆ. ಈ ಸಲ ಎಲ್ಲಿ ಹೋಯ್ತು?"

ರಮಾನಾಥರು ಮುಸಿಮುಸಿ ನಕ್ಕರು. ಅವರ ಮಗಳು, ಕಾಲೇಜಿಗೆ ಹೋಗುವ ವಾರಿಜಾ, ತಲೆ ತಗ್ಗಿಸಿದಳು. ಮಕ್ಕಳಿಗೆ ತಿಳಿಯುತ್ತದೋ ಇಲ್ಲವೋ ನೋಡಲೆಂದು ಹಿಂದಿನ ಸಭೆಯಲ್ಲಿ ಆ ಪುಟವನ್ನು ಅವಳಿಂದಲೇ ಓದಿಸಿದ್ದರು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಬಂದು, 'ಹಂಗಾಮಿ'ಯ ಹತ್ತಿರ ನಿಂತು, "ಅಂಕಲ್, ಹಂಗಾಮಾ ಪ್ರಧಾನ ಮಂತ್ರಿ ಅಂದ್ರೆ? ಇವ್ರು ಏನು ಹಂಗಾಮಾ ಮಾಡಿದ್ರು? ದಂಗಾ ಗಿಂಗಾ?" ಎಂದಿದ್ದಳು. ಹೋಟೆಲಿನ ಕೆಳಗಿನವರೆಗೂ ನಗು ಇಳಿದಿತ್ತು. ವನಮಾಲಾ ಅವತ್ತು ಜ್ವರವೆಂದು ಬಂದಿರಲಿಲ್ಲ.

"ನೀವೇ ಹೇಳಿ," ಎಂದರು ವೆಂಕಟಸುಬ್ಬಯ್ಯ. "ಮುಂಬಯಿ ಮಕ್ಕಳಿಗೆ ಹಂಗಾಮಿ ಅಂದ್ರೆ ಗಲಾಟೆ. ಒಬ್ಬ ಸಂಭಾವಿತರನ್ನ ಗಲಾಟೆ ಪ್ರಧಾನಿ ಮಾಡೋದೇ? ಅದಕ್ಕೇ ತೆಗೆದೆ. ಹದಿಮೂರು ದಿನದ ಮಾತು, ಯಾರಿಗೆ ನಷ್ಟ?"

"ಹಂಗಾಮಿ ಅಂದ್ರೆ 'ಸದ್ಯಕ್ಕೆ ಜವಾಬ್ದಾರಿ ಹೊತ್ತವರು' ಅಂತ ಕೆಳಗೆ ಒಂದು ಸಾಲು ಬರೆದರಾಯ್ತು. ಮಗುವಿಗೆ ಒಂದು ಮಾತು ಗೊತ್ತಿಲ್ಲ ಅಂದ್ರೆ ಮಾತು ಕಲಿಸಬೇಕು ಸಾರ್. ಮನುಷ್ಯನನ್ನೇ ಅಳಿಸಿಬಿಡೋದೇ?"

"ಸಾಲು ಹಿಡಿಸಲ್ಲಮ್ಮಾ, ಪುಟ ತುಂಬಿದೆ."

"ಹೋಗಲಿ, ಅಳಿಸಿದಿರಿ. ಆ ಹದಿಮೂರು ದಿನ ಎಲ್ಲಿಗೆ ಹಾಕಿದಿರಿ ನೋಡಿ." ವನಮಾಲಾ ಕರಡನ್ನು ಮೇಜಿನ ಮೇಲೆ ಹರಡಿದಳು. "ಅರವತ್ತನಾಲ್ಕರಲ್ಲಿ ನೆಹರೂ ತೀರಿಕೊಂಡದ್ದು ಮೇ ಇಪ್ಪತ್ತೇಳು. ನಿಮ್ಮ ಪಟ್ಟಿಯಲ್ಲಿ ಜೂನ್ ಒಂಬತ್ತರವರೆಗೆ ಪ್ರಧಾನಿ. ಶಾಸ್ತ್ರಿಯವರು ಅರವತ್ತಾರರ ಜನವರಿ ಹನ್ನೊಂದಕ್ಕೆ ತೀರಿಕೊಂಡರು. ನೀವು ಇಪ್ಪತ್ನಾಲ್ಕರವರೆಗೆ ಕುರ್ಚಿಯಲ್ಲಿ ಕೂರಿಸಿದ್ದೀರಿ. ಸತ್ತವರ ಕೈಲಿ ದೇಶ ಆಳಿಸಿದ್ದೀರಲ್ಲ ಸಾರ್!"

"ಅಯ್ಯೋ ದೇವರೇ," ಎಂದರು ರಮಾನಾಥರು. "ಎಂಥದು ಮಾರಾಯ್ರೆ ಇದು, ಪ್ರೇತಕ್ಕೆ ಪಟ್ಟಾಭಿಷೇಕವಾ?"

"ನಡುವೆ ಕಂದಕ ಇರಬಾರದು ಅಂತ ಹೊಂದಿಸಿದೆ," ಎಂದರು ವೆಂಕಟಸುಬ್ಬಯ್ಯ, ಸ್ವಲ್ಪ ಕೆಂಪಾಗಿ. "ನೋಡೋಕೆ ಚೆಂದ ಇರಲಿ ಅಂತ."

"ಮನೇಲಿ ಒಂದು ಸಾವಾದ್ರೆ ವೈಕುಂಠ ಸಮಾರಾಧನೆ ಮುಗಿಯೋವರೆಗೆ ಯಾರೋ ಒಬ್ಬರು ಒಲೆ ಹಚ್ತಾರೆ, ಹಾಲು ತರ್ತಾರೆ, ಬಂದವರಿಗೆ ಚಾಪೆ ಹಾಸ್ತಾರೆ. ಹದಿಮೂರು ದಿನ. ದೇಶಕ್ಕೂ ಹಾಗೇ ಒಬ್ಬರು ಬೇಕಾಯ್ತು, ಒಂದು ಸಲ ಅಲ್ಲ, ಎರಡು ಸಲ. ಅವರನ್ನ ಬಿಟ್ಟು ಪಟ್ಟಿ ಪೂರ್ತಿ ಅಂತ ನಾನು ಸಹಿ ಹಾಕಲ್ಲ."

ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ಅವರು ಕನ್ನಡಕ ಒರೆಸಿದರೆಂದರೆ ಮುಂದಿನ ಮಾತು ಚುಚ್ಚುತ್ತದೆಂದೇ ಲೆಕ್ಕ.

"ಇದು ನಂದಾ ಅವರ ನೋವಲ್ಲ ಬಿಡಿ. ಹೊರಗಿನ ಫಲಕದ ನೋವು, ಅಲ್ವೇ?"

ಕೆಳಗೆ ಯಾರೋ "ಏಕ್ ಸಾದಾ, ಏಕ್ ಮೈಸೂರ್" ಎಂದು ಕೂಗಿದ್ದು ಮೇಲೆ ಕೇಳಿಸಿತು.

ಮಾತು ನಿಜವಾಗಿತ್ತು, ಅದೇ ಕಷ್ಟ. ಎಂಬತ್ತನಾಲ್ಕರಲ್ಲಿ ಕಾರ್ಯದರ್ಶಿ ತಿರುಮಲೇಶ ಆಫೀಸಿಗೆ ಹೋದವರು ಮನೆಗೆ ಬರಲಿಲ್ಲ. ಎದೆ ಹಿಡಿದುಕೊಂಡು ಸ್ಟೇಷನ್ನಿನಲ್ಲೇ ಕುಸಿದಿದ್ದರು. ಚುನಾವಣೆಯಾಗಿ ಶೇಖರ ಬರುವವರೆಗೆ ಸಂಘವನ್ನು ನಡೆಸಿದವಳು ವನಮಾಲಾ. ನಡಾವಳಿಯಲ್ಲಿ ಅವಳು 'ಹಂಗಾಮಿ ಕಾರ್ಯದರ್ಶಿ'. ಕ್ಲಾಸು ನಿಲ್ಲಲಿಲ್ಲ, ರಾಜ್ಯೋತ್ಸವ ನಿಲ್ಲಲಿಲ್ಲ. ಆದರೆ ಫಲಕ ಬರೆಸುವಾಗ ತಿರುಮಲೇಶರ ವರ್ಷವನ್ನು ಎಳೆದು ಶೇಖರನ ವರ್ಷಕ್ಕೆ ಗಂಟು ಹಾಕಿದರು. ಅಲ್ಲಿಯೂ ಸತ್ತವರೇ ಆಳಿದ್ದರು. ವನಮಾಲಾ ಕೇಳಿರಲಿಲ್ಲ. ಕೇಳಿದರೆ ಹೆಸರಿನ ಆಸೆ ಎನ್ನುತ್ತಾರೆ ಎಂದು ಏಳು ವರ್ಷ ತುಟಿ ಬಿಗಿದಿದ್ದಳು. ಈಗ ಕೇಳದೆಯೂ ಅಂದರು.

"ಹೌದು ಸಾರ್," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಆ ನೋವೂ ಇದೆ. ಮುಳ್ಳು ಚುಚ್ಚಿಸಿಕೊಂಡವಳಿಗೇ ಮುಳ್ಳು ಎಲ್ಲಿದೆ ಅಂತ ಕಾಣೋದು. ಅದಕ್ಕೇ ಈ ಪಟ್ಟಿಯಲ್ಲೂ ಕಂಡಿತು. ಹಾಗಂತ ಪಟ್ಟಿ ಸರಿಯಾಗುತ್ಯೇ?"

ವೆಂಕಟಸುಬ್ಬಯ್ಯನವರು ಈ ಉತ್ತರಕ್ಕೆ ತಯಾರಿರಲಿಲ್ಲ. ಇಲ್ಲ ಇಲ್ಲ ಎಂದು ಅವಳು ಹಿಂದೆ ಸರಿಯುತ್ತಾಳೆಂದುಕೊಂಡಿದ್ದರು. ಕನ್ನಡಕ ಹಾಕಿಕೊಂಡು ದನಿ ಇಳಿಸಿದರು. "ನೋಡಮ್ಮಾ, ತಪ್ಪಾಗಿದೆ ಅನ್ನೋಣ. ಪೇಂಟರನ್ನ ಕರೆಸ್ತೀನಿ. ಫಲಕದ ಮೇಲೆ 'ವನಮಾಲಾ ಸತ್ಯಮೂರ್ತಿ' ಅಂತ ಬರೆಸ್ತೀನಿ. ಹಂಗಾಮಿ ಗಿಂಗಾಮಿ ಏನಿಲ್ಲ, ನೇರ ಕಾರ್ಯದರ್ಶಿ. ಬಿಡುಗಡೆಗೆ ದಾದರಿನ ಸಭಾಂಗಣ ಗೊತ್ತಾಗಿದೆ, ಆಹ್ವಾನ ಹೋಗಿದೆ. ಈ ಪುಟಕ್ಕೊಂದು ಸಹಿ ಹಾಕಿಬಿಡಿ."

ವನಮಾಲಾ ಕರಡನ್ನು ನೋಡಿದಳು, ಬಾಗಿಲಾಚೆಗಿನ ಫಲಕವನ್ನೂ ನೋಡಿದಳು. ತಿರುಮಲೇಶ, ಶೇಖರ. ನಡುವೆ ಒಂದು ಗೆರೆಗೆ ಜಾಗವಿತ್ತು, ಪೇಂಟರು ಗೊತ್ತಿದ್ದೇ ಬಿಟ್ಟ ಹಾಗೆ.

"ನಾಳೆ ಹೇಳ್ತೀನಿ," ಎಂದು ಎದ್ದಳು.

ಮನೆಯಲ್ಲಿ ಗಂಡ ಸತ್ಯಮೂರ್ತಿ ರೈಲ್ವೆ ಆಫೀಸಿನಿಂದ ಬಂದು ಬನಿಯನ್ನಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಕೇಳಿ, "ಹಾಕಿಬಿಡೇ," ಎಂದರು. "ನಂದಾ ಅವರು ಬಂದು ನಿನ್ನ ಕೇಳ್ತಾರೆಯೇ? ಫಲಕಕ್ಕೆ ಒಂದು ಹಾರ ಹಾಕೋಣ."

"ಹಾರ ಸತ್ತವರಿಗೆ ಹಾಕೋದು ಕಣ್ರೀ."

"ಸರಿ, ಹಾರ ಬೇಡ. ನಿನಗೆ ಆ ಹೆಸರು ಬೇಕೋ ಬೇಡವೋ?"

"ಬೇಕು." ಅವಳು ಅಲ್ಲೇ ಕೆಳಗೆ ಕುಳಿತು ಒಂದು ಹಿಡಿ ಕಾಯಿ ತನ್ನತ್ತ ಎಳೆದುಕೊಂಡಳು. "ಅಷ್ಟು ಬೇಕು ಅಂದ್ರೆ, ಮೆಟ್ಟಿಲು ಹತ್ತುವಾಗೆಲ್ಲ ಕಣ್ಣು ಮುಚ್ಕೋಬೇಕಾಗಿತ್ತು ನನಗೆ. ಆದರೆ ಇನ್ನೊಬ್ಬ ಹಂಗಾಮಿಯನ್ನ ಅಳಿಸಿ ನನ್ನ ಹೆಸರು ಬರೆಸ್ಕೊಳ್ಳೋದೇ? ಅದೂ 'ನೇರ' ಅಂತೆ. ನಾನು ನೇರ ಆಗಿರಲಿಲ್ಲ ರೀ. ಹಂಗಾಮಿಯಾಗಿದ್ದೆ. ಅದನ್ನೇ ಬರೀಬೇಕು."

ಸತ್ಯಮೂರ್ತಿ ಕಾಯಿ ಸುಲಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. "ಹಾಗಾದರೆ ನಾಪಾಸು?"

"ನಾಪಾಸು."

ಮರುದಿನ ಪುಟ ವಾಪಸು ಹೋಯಿತು. 'ಸರಿಯಿದೆ' ಇರಬೇಕಾದಲ್ಲಿ ಕೆಂಪು ಪೆನ್ನಿನಲ್ಲಿ 'ಸರಿಯಿಲ್ಲ, ಪೂರ್ತಿಯಿಲ್ಲ' ಎಂದಿತ್ತು; ಕೆಳಗೆ ಪೂರ್ತಿ ಹೆಸರಿನ ಸಹಿ. ವೆಂಕಟಸುಬ್ಬಯ್ಯನವರು ತಮ್ಮ ನಿಯಮವನ್ನು ತಾವೇ ಮುರಿದು ಪುಟವನ್ನು ಹಾಗೇ ಅಚ್ಚಿಗೆ ಕಳಿಸಿದರು.

ದಾದರಿನ ಸಭಾಂಗಣದಲ್ಲಿ ಬಿಡುಗಡೆಯ ದಿನ ವನಮಾಲಾ ಬಾಗಿಲಲ್ಲೇ ಒಂದು ಪ್ರತಿ ತೆಗೆದು ನೋಡಿದಳು. ಪ್ರಧಾನಿಗಳ ಪುಟದಲ್ಲಿ ಸತ್ತವರು ಆಳುತ್ತಲೇ ಇದ್ದರು. ಅವಳು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಮೊದಲ ಪುಟದಲ್ಲಿತ್ತು, ದಪ್ಪ ಅಕ್ಷರದಲ್ಲಿ: 'ಗುಣಪರಿಶೀಲನೆ: ಶ್ರೀಮತಿ ವನಮಾಲಾ ಸತ್ಯಮೂರ್ತಿ'.

ಫಲಕದ ಮೇಲೆ ಇಲ್ಲದ ಹೆಸರು ಇಲ್ಲಿ, ತಾನು ನಾಪಾಸು ಮಾಡಿದ ಪುಸ್ತಕದ ಹಣೆಯ ಮೇಲೆ. ಪರಿಶೀಲಕಿ ಎಂದು ಅಚ್ಚು ಹಾಕಿದ್ದಾರಲ್ಲ? ಪರಿಶೀಲಿಸಿದರಾಯಿತು.

ಬಾಗಿಲ ಬಳಿ ಮಾರಾಟದ ಮೇಜಿನಲ್ಲಿ ವಾರಿಜಾ ಕುಳಿತಿದ್ದಳು. ವನಮಾಲಾ ಪಕ್ಕದ ಕುರ್ಚಿ ಎಳೆದು ಕುಳಿತಳು. "ಆ ಗಂಟು ಬಿಚ್ಚೇ. ಪುಸ್ತಕ ಮೊದಲು ನನ್ನ ಕೈಗೆ, ಆಮೇಲೆ ಕೊಂಡವರಿಗೆ."

"ಆಂಟಿ, ಕ್ಯಾ ಕರ್ ರಹೇ ಹೋ?"

"ನನ್ನ ಕೆಲಸ."

ಒಂದೊಂದೇ ಪ್ರತಿ ತೆರೆದಳು. ತಪ್ಪು ತಾರೀಖು ಹೊಡೆದು ಸರಿಯಾದ್ದು ಬರೆದಳು. ಎರಡು ಕಡೆ ನಂದಾ ಅವರ ಹೆಸರು ಸೇರಿಸಿ, ಅಂಚಿನಲ್ಲಿ ಮಗುವಿಗೂ ಓದಲು ಬರುವಂಥ ದುಂಡಕ್ಷರದಲ್ಲಿ ಬರೆದಳು: 'ಹಂಗಾಮಿ ಎಂದರೆ, ಬೇರೆಯವರು ಬರುವ ತನಕ ಭಾರ ಹೊತ್ತವರು.' ಪುಟ ತುಂಬಿದೆ ಎಂದಿದ್ದರಲ್ಲ, ಅಂಚಿನಲ್ಲಿ ಬೇಕಾದಷ್ಟು ಜಾಗವಿತ್ತು. ಎರಡು ಪ್ರತಿ ನೋಡಿದ ವಾರಿಜಾ ಮೂರನೆಯದನ್ನು ತಾನೇ ಎಳೆದುಕೊಂಡು ಬರೆಯಲು ಕುಳಿತಳು. ಅವಳ 'ಹಂ' ಸ್ವಲ್ಪ ಸೊಟ್ಟ.

ಬಾಗಿಲಲ್ಲಿ ಸಾಲು ಬೆಳೆಯಿತು. "ಏನಾಗ್ತಿದೆ ಅಲ್ಲಿ?" ಎಂದು ಹಿಂದಿನಿಂದ ಕೂಗಿದರು. "ತಪ್ಪು ತಿದ್ದಿ ಕೊಡ್ತಿದ್ದಾರೆ ಮಾರಾಯ್ರೆ, ಬಿಸಿಬಿಸಿ!" ಎಂದು ರಮಾನಾಥರು ಹೋಟೆಲಿನ ದನಿಯಲ್ಲೇ ಕೂಗಿ ಹೇಳಿದರು. ವೇದಿಕೆಯ ಮೇಲಿಂದ ವೆಂಕಟಸುಬ್ಬಯ್ಯನವರು ಶಾಲು ಸರಿಪಡಿಸಿಕೊಳ್ಳುತ್ತ ಇಳಿದು ಬಂದರು.

"ಏನಿದು ವನಮಾಲಾ, ಜನರ ಮುಂದೆ ಹಂಗಾಮಾ?"

"ಹಂಗಾಮಾ ಅಲ್ಲ ಸಾರ್," ಎಂದಳು ತಲೆ ಎತ್ತದೆ, "ಹಂಗಾಮಿ."

ಸಾಲು ನಕ್ಕಿತು. ವಾರಿಜಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಈ ಸಲ ಮಾತು ಅವಳಿಗೆ ತಿಳಿದಿತ್ತು. ವೆಂಕಟಸುಬ್ಬಯ್ಯನವರ ಕೈ ಕನ್ನಡಕದತ್ತ ಹೋಯಿತು. ಅಷ್ಟರಲ್ಲಿ ಅವರ ಹಿಂದಿನಿಂದ ಒಂದು ಪುಸ್ತಕ ಮುಂದೆ ಬಂತು. ಅದಕ್ಕೆ ಆಗಲೇ ಅರಿಸಿನ ಕುಂಕುಮ ಹಚ್ಚಿತ್ತು: ವೇದಿಕೆಯ ಮೇಲೆ ಬಿಡುಗಡೆಯಾದ ಪ್ರತಿ. ಹಿಡಿದಿದ್ದವರು ಅವರ ಹೆಂಡತಿ ರಮಾಮಣಿ.

"ಇದಕ್ಕೂ ಬರಿಯೇ," ಎಂದರು ರಮಾಮಣಿ. ಗಂಡನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ, "ನಿಮ್ಮಮ್ಮ ಹೋದಾಗ ಹದಿಮೂರು ದಿನ ನಮ್ಮನೆ ಒಲೆ ಹಚ್ಚಿದ್ದು ಯಾರು ಅಂದ್ಕೊಂಡ್ರಿ? ಸಮಾರಾಧನೆ ಪತ್ರಿಕೇಲಿ ಇವಳ ಹೆಸರಿತ್ತೇ?" ಎಂದರು.

ವೆಂಕಟಸುಬ್ಬಯ್ಯನವರು ಕನ್ನಡಕ ಒರೆಸಿದರು. ಒರೆಸಿದ್ದನ್ನು ಹಾಕಿಕೊಂಡು, ಮತ್ತೆ ವೇದಿಕೆ ಹತ್ತಿದರು.

ವನಮಾಲಾಳ ಕೆಂಪು ಪೆನ್ನು ಅಷ್ಟರಲ್ಲಿ ಮುಗಿದಿತ್ತು. ರಮಾನಾಥರು ಜೇಬಿನಿಂದ ಬಿಲ್ಲು ಬರೆಯುವ ನೀಲಿ ಪೆನ್ನು ಕೊಟ್ಟರು. ರಮಾಮಣಿಯ ಪ್ರತಿ ನೀಲಿಯಲ್ಲಿ ಸರಿಯಾಯಿತು.

"ಆಂಟಿ," ವಾರಿಜಾ ಕಿವಿಯ ಹತ್ತಿರ ಬಗ್ಗಿದಳು, "ಇದು ಮುಗಿಸಿ ಘಾಟ್ಕೋಪರ್ ಹೋಗಿ ಆ ಬೋರ್ಡಿಗೂ ಬರೆಯೋಣವಾ? ಚಾವಿ ಪಪ್ಪನ ಹತ್ರ ಇದೆ."

"ಬೋರ್ಡಿಗೆ ಪೇಂಟು ಬೇಕು ಕಣೇ, ಪೆನ್ನು ಸಾಲದು," ಎಂದು ವನಮಾಲಾ ಮುಂದಿನ ಪ್ರತಿ ತೆರೆದಳು. "ತಗೋ, ಇನ್ನೊಂದು ಗಂಟು ಬಿಚ್ಚು. ನಿನ್ನ 'ಹಂ' ನೆಟ್ಟಗಾಗಲಿ ಮೊದಲು."