ಸೆರಗಿನ ಗಂಟು

೧೯೭೯ರಲ್ಲಿ ನನಗೆ ರಾಯಚೂರಿನಲ್ಲಿ ಬಾಲವಾಡಿ ಶಿಕ್ಷಕಿಯ ತರಬೇತಿಗೆ ಸೀಟು ಸಿಕ್ಕಿತು. ನಮ್ಮ ಕೇರಿಯಲ್ಲಿ ಕೂಲಿ ಬಿಟ್ಟು ಬೇರೆ ಕೆಲಸಕ್ಕೆ ಹೊರಟ ಮೊದಲ ಹೆಂಗಸು ನಾನೇ. ಆದರೆ ಹಾಸ್ಟೆಲಿನಲ್ಲಿ ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಎರಡು ವರ್ಷದ ಸೂಗಪ್ಪನನ್ನು ಮಾನ್ವಿಯಲ್ಲಿ ಅತ್ತೆ ಗೋಪಮ್ಮನ ಬಳಿ ಬಿಟ್ಟು ಹೋದೆ. ಹತ್ತು ತಿಂಗಳು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಳೆಯುತ್ತದೆ ಎಂದರು ಎಲ್ಲರೂ. ಹೇಳುವವರಿಗೇನು! ಹಾಸ್ಟೆಲಿನ ಚಾಪೆಯ ಮೇಲೆ ನನ್ನ ಎಡತೋಳು ಅವನ ತಲೆಯ ಭಾರಕ್ಕೆ ಹಂಬಲಿಸುತ್ತಿತ್ತು.

ಸೂಗಪ್ಪ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಶನಿವಾರ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದರೆ ಕೊಡ ಉರುಳಿಸಿ, ಕೋಳಿ ಅಟ್ಟಿಸಿ, ಕೊನೆಗೆ ನನ್ನ ಬೆನ್ನೇರುತ್ತಿದ್ದ. ಭಾನುವಾರ ಮಧ್ಯಾಹ್ನ ಉಣಿಸಿ ತೊಡೆಯ ಮೇಲೆ ಹಾಕಿಕೊಂಡು ತಟ್ಟಿದರೆ ಮಲಗುತ್ತಿದ್ದ. ಆಗ ಅತ್ತೆ ನನ್ನ ಚೀಲ ತಂದು ಬಾಗಿಲಲ್ಲಿಡುತ್ತಿದ್ದಳು.

“ಮಕ್ಕಂಡಾಗ ಹೋಗಿಬಿಡು ಬೇ. ಎದ್ದಾಗ ಹೋದ್ರ ಓಣಿನ ತೆಲಿ ಮ್ಯಾಲ ಮಾಡ್ತಾನ.”

ಹೊಲಕ್ಕೆ ಹೋಗುವ ನಮ್ಮ ತಾಯಂದಿರೆಲ್ಲ ಮಾಡುತ್ತಿದ್ದುದೂ ಅದನ್ನೇ. ಚಪ್ಪಲಿ ಕೈಯಲ್ಲಿ ಹಿಡಿದು ಕಳ್ಳಿಯಂತೆ ನನ್ನ ಮನೆಯಿಂದ ನಾನೇ ಹೊರಬೀಳುತ್ತಿದ್ದೆ.

ನಾಲ್ಕನೆಯ ತಿಂಗಳಿಗೆ ಅವನು ಭಾನುವಾರದ ನಿದ್ದೆ ಬಿಟ್ಟ. ಆಮೇಲೆ ಎಲ್ಲ ದಿನದ ನಿದ್ದೆಯನ್ನೂ ಬಿಟ್ಟ. ಕುಣಿದು ಕುಣಿದು ಬಿದ್ದಲ್ಲೇ ಒಂದಿಷ್ಟು ಕಣ್ಣು ಮುಚ್ಚುವುದು, ಬೆಚ್ಚಿ ಏಳುವುದು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ದರ್ಗಾದಿಂದ ತಾಯತ ತಂದು ಕಟ್ಟಿದಳು. ನಾನು ಮಾತ್ರ ಪರೀಕ್ಷೆಯಲ್ಲಿ, ‘ಚಂಚಲ ಮಗುವಿಗೆ ದಿನವೂ ಒಂದೇ ಹೊತ್ತಿಗೆ ಊಟ, ಬಿಸಿನೀರಿನ ಸ್ನಾನ, ಮಂದ ಬೆಳಕು, ಒಂದೇ ಕತೆ’ ಎಂದು ಬರೆದು ಶಭಾಷ್ ಅನ್ನಿಸಿಕೊಂಡೆ. ತರಬೇತಿಯ ಬಾಲವಾಡಿಯಲ್ಲಿ ಊರ ಮಕ್ಕಳೆಲ್ಲ ನನ್ನ ಕೈಯಲ್ಲಿ ಮಲಗುತ್ತಿದ್ದವು. ನನ್ನದೊಂದು ಬಿಟ್ಟು.

ತರಬೇತಿ ಮುಗಿದು ದೇವದುರ್ಗದಲ್ಲಿ ಕೆಲಸ ಸಿಕ್ಕಿದಾಗ ಅವನನ್ನು ಜೊತೆಗೇ ಕರೆದುಕೊಂಡು ಹೋದೆ. ಮಹಬೂಬೀ ಎಂಬಾಕೆಯ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಪರೀಕ್ಷೆಯಲ್ಲಿ ಬರೆದದ್ದನ್ನೆಲ್ಲ ಮೂರು ದಿನ ತಪ್ಪದೆ ಮಾಡಿದೆ. ಸ್ನಾನ ಆಯಿತು, ಕತೆ ಆಯಿತು, ಕಿಟಕಿಗೆ ಸೀರೆ ಕಟ್ಟಿದ್ದೂ ಆಯಿತು. ರೆಪ್ಪೆ ಇಳಿಯುವ ಹೊತ್ತಿಗೆ ಸರಿಯಾಗಿ ತಟ್ಟನೆ ಎದ್ದು ಓಡುತ್ತಿದ್ದ. ನಾಲ್ಕನೆಯ ಮಧ್ಯಾಹ್ನ ನನ್ನ ಪಿತ್ತ ನೆತ್ತಿಗೇರಿತು. ಬೆನ್ನಿಗೊಂದು ಬಿಟ್ಟೆ.

“ಯಾಕ ಮಕ್ಕೊಳ್ಳಂಗಿಲ್ಲಲೇ?”

ಅವನು ಅಳಲಿಲ್ಲ. ಕಣ್ಣುಜ್ಜಿಕೊಂಡು ಹೇಳಿದ: “ಮಕ್ಕಂಡ್ರ ನೀ ಹೋಗಿಬಿಡ್ತಿ.”

ನಾನು ಅಲ್ಲಿ ಅವನಿಗಾಗಿ ಹಂಬಲಿಸುತ್ತಿದ್ದರೆ ಇಲ್ಲಿ ಅವನು ನಿದ್ದೆಗೆಟ್ಟು ನನಗೆ ಕಾವಲು ಕೂತಿದ್ದ.

“ಹೋಗಂಗಿಲ್ಲಪ್ಪಾ” ಅಂದೆ. ನಂಬಲಿಲ್ಲ. ಯಾಕೆ ನಂಬಬೇಕು?

ಅವನ ನಡುವಿನ ಉಡಿದಾರಕ್ಕೆ ನನ್ನ ಸೆರಗಿನ ತುದಿ ಸೇರಿಸಿ ಗಂಟು ಹಾಕಿದೆ. “ಈಗ ನಾ ಎದ್ರ ನೀನೂ ಏಳ್ತಿ. ನೋಡು.” ಅವನು ಎರಡು ಸಲ ಜಗ್ಗಿ ನೋಡಿದ. ನಾನು ಎರಡೂ ಸಲ ಅವನ ಕಡೆ ವಾಲಿದೆ. ಮೂರನೆಯ ಸಲ ಜಗ್ಗುವಾಗಲೇ ಕೈ ಸಡಿಲಾಯಿತು.

ಅಷ್ಟರಲ್ಲಿ ಅಂಗಳದಿಂದ ಮಹಬೂಬೀ ಕೂಗಿದಳು: “ಮಾನಮ್ಮಾ, ನಳ ಬಂದದ! ಲಗೂನ ಬಾ!”

ಮನೆಯಲ್ಲಿ ಹನಿ ನೀರಿರಲಿಲ್ಲ. ನನ್ನ ಬೆರಳುಗಳು ತಾವಾಗಿಯೇ ಗಂಟಿಗೆ ಹೋದವು. ಹಳೆಯ ಚಾಳಿ. ಸದ್ದಿಲ್ಲದೆ ಬಿಚ್ಚುವುದು ಅವಕ್ಕೆ ಚೆನ್ನಾಗಿ ಗೊತ್ತಿತ್ತು. ಕೈ ಹಿಂದೆ ತೆಗೆದುಕೊಂಡು ಅಲ್ಲೇ ಕೂತೆ.

ಆಕೆ ಇನ್ನೆರಡು ಸಲ ಕೂಗಿ ಸುಮ್ಮನಾದಳು. ತುಸು ಹೊತ್ತಿಗೆ ನಳವೂ ನಿಂತಿತು. ಸೂಗಪ್ಪ ಬೆಚ್ಚಿದ. ಕಣ್ಣು ತೆರೆಯದೆಯೇ ಅವನ ಕೈ ಉಡಿದಾರ ತಡವಿತು. ಗಂಟು ಸಿಕ್ಕಿತು. ಮಗ್ಗುಲು ಬದಲಿಸಿ ಮತ್ತೆ ಮಲಗಿದ.