ಬ್ರೇಕಿನ ಮೇಲಿನ ಕಾಲು

ಮತ್ತೆ ಕೈಯಿಂದಲೇ ಎತ್ತಿದ — ತೊಡೆಯ ಕೆಳಗೆ ಅಂಗೈ ಕೊಟ್ಟು, ಯಾರದೋ ಮೂಟೆಯನ್ನು ಸರಿಸುವಂತೆ, ಬಲಗಾಲನ್ನು ಎತ್ತಿ ಬ್ರೇಕಿನ ಮೇಲಿಟ್ಟ, ಯಾರೂ ನೋಡಲಿಲ್ಲವೆಂದುಕೊಂಡಿದ್ದಾನೆ, ನೋಡದೆ ನೋರ್ಮಿತಾ ಇನ್ನೇನು ಮಾಡುತ್ತಾಳೆ, ಗಂಡನ ಜೀಪ್ನಿಯಲ್ಲಿ, ಬಸ್ಸಿನಂತೆ ಜನ ತುಂಬಿಕೊಂಡು ಓಡುವ ಆ ಉದ್ದ ಜೀಪಿನಲ್ಲಿ, ಅವನ ಪಕ್ಕ ಕೂತು ಚಾರ್ಜು ಈಸಿಕೊಳ್ಳುವುದೊಂದು ನೆಪ, ನೋಡುವುದೇ ಕೆಲಸ, ಅವಳ ಮೊಣಕಾಲುಗಳ ನಡುವೆ ಗೇರಿನ ಕೋಲು, ಬಲಕ್ಕೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡ ಮೀನಿನವಳು, ಅವಳಾಚೆ ಬಾಗಿಲಿಗೆ ಅಂಟಿಕೊಂಡ ತೆಳ್ಳನೆಯ ಮೇಷ್ಟರು, ಎಡಕ್ಕೆ ಸ್ಟಿಯರಿಂಗ್ ಹಿಡಿದ ಕ್ರಿಸಾಂತೊ, ಮುಂದೆ ಅಂತಿಪೋಲೊ ಬೆಟ್ಟದ ಇಳಿಜಾರು, ತಿರುವು, ಮತ್ತೆ ಇಳಿಜಾರು, ಮತ್ತು ಆ ಕಾಲು, ಸವೆದ ಚಪ್ಪಲಿಯೊಳಗಿನ ಆ ಕಾಲು. ಕಾಲು ಹೇಗಿದೆ? ಇದೆ, ಎರಡೂ ಇವೆ, ಎಣಿಸಿಕೋ. ಬೆಳಿಗ್ಗೆಯಿಂದ ಇದೇ ಉತ್ತರ, ಕೇಳುವವಳೇ ತಪ್ಪು ಮಾಡಿದವಳಂತೆ. ಸೊಂಟದಿಂದ ಕಾಲಿಗಿಳಿಯುವ ಆ ನೋವಿಗೆ ಏನು ಮಾಡಲಿಲ್ಲ ಅವಳು, ಸೀಟಿಗೆಂದು ತೆಂಗಿನ ನಾರು ತುಂಬಿ ದಿಂಬು ಹೊಲಿದರೆ ಚುಚ್ಚುತ್ತೆ ಅಂದ, ಮರದ ಮಣಿಗಳ ಹೊದಿಕೆ ಹಾಸಿದರೆ ಸಂಜೆ ಬೆನ್ನ ತುಂಬ ಅಚ್ಚು, ಮಗಳು ಬಿದ್ದು ಬಿದ್ದು ನಕ್ಕಳು, ಅಪ್ಪಾ ಹಲಸಿನಕಾಯಿ ಆಗಿದ್ದೀಯಲ್ಲ, ಸೊಂಟಕ್ಕೆ ಟವೆಲ್ಲಿನ ಸುರುಳಿ ಕೊಟ್ಟರೆ ಅದರಲ್ಲೇ ಮುಖ ಒರೆಸಿಕೊಂಡ, ಶುಂಠಿ ಎಣ್ಣೆ, ನೋವಿನ ಪಟ್ಟಿ, ಗಾಡಿಯೆಲ್ಲ ಕರ್ಪೂರದ ಘಾಟು, ಏನಣ್ಣ ಇದು ಜೀಪ್ನಿನೋ ಆಸ್ಪತ್ರೆನೋ ಅಂತ ಹಿಂದಿನಿಂದ ಯಾರೋ, ಅವನೂ ಸೇರಿಕೊಂಡು ನಕ್ಕ, ನಗುವುದಕ್ಕೆ ಮಾತ್ರ ಸೊಂಟ ಅಡ್ಡ ಬರುವುದಿಲ್ಲ. ದಣಿದ ಕಾಲಿಗೆ ತಣ್ಣೀರು ತಾಗಿದರೆ ನರ ಸೆಟೆದುಕೊಳ್ಳುತ್ತೆ ಅಂತ ಮನೆಗೆ ಬಂದವನಿಗೆ ಕಾಲು ತೊಳೆಯಲೂ ಬಿಡದೆ, ಧೂಳುಗಾಲಲ್ಲೇ ಮಲಗಿಸಿ, ಮಾರನೆಯ ದಿನ ಹಾಸಿಗೆ ಬಟ್ಟೆ ಒಗೆದವಳೂ ಅವಳೇ. ಸ್ಟ್ಯಾಂಡಿನಲ್ಲಿ ನಿಂತಾಗ ಕೆಳಗಿಳಿದು ನಾಲ್ಕು ಹೆಜ್ಜೆ ಹಾಕು, ಸೊಂಟ ಬಗ್ಗಿಸು, ಕಾಲು ಚಾಚು ಅಂದರೆ, ಎಲ್ಲರೆದುರಿಗೆ ಕುಣೀಬೇಕೇನೆ ನಾನು, ಕೂತಲ್ಲೇ ಕೂತಿರುತ್ತಾನೆ, ಗಾಡಿಗೆ ಬೇರು ಬಿಟ್ಟವನಂತೆ. ಪಾರಾ! ಹಿಂದೆ ಯಾರೋ ಚಾವಣಿ ಕುಟ್ಟುತ್ತಾರೆ, ಇಳಿಯಬೇಕಂತೆ, ನಿಲ್ಲಿಸಬೇಕು, ಅಂಗೈ ತೊಡೆಯ ಕೆಳಗೆ ಹೋಗುತ್ತದೆ, ಕಾಲು ಏಳುತ್ತದೆ, ಗಾಡಿ ನಿಲ್ಲುತ್ತದೆ, ನಿಂತಿತಲ್ಲ, ಉಸಿರು ಬಿಡು ನೋರ್ಮಿತಾ.

ಚೂರು ಸರೀ ತಾಯಿ, ಮೀನಿನವಳು ಭುಜದಿಂದ ನೂಕುತ್ತಾಳೆ, ಮೇಷ್ಟರ ಅರ್ಧ ಮೈ ಬೀದೀಲಿದೆ, ಬಿದ್ದುಹೋದ್ರೆ ನಾಳೆ ಮಕ್ಕಳಿಗೆ ರಜ. ಇರಲಿ ಬಿಡಿ ಅಕ್ಕ, ಅನ್ನುತ್ತಾರೆ ಮೇಷ್ಟರು. ಡ್ರೈವರ್ ಪಕ್ಕ ಇಬ್ಬರು ಕೂರುವ ಜಾಗ, ಅವಳು ಬಂದ ಮೇಲೆ ಮೂವರಾಗಿದೆ, ಹೆಂಡತಿ ಕೂತಳೆಂದು ಪ್ರಯಾಣಿಕರನ್ನು ಬಿಡುವುದಕ್ಕಾಗುತ್ತದೆಯೇ — ಅವಳು ಎಡಕ್ಕೆ ಸರಿದಳು, ಸರಿದದ್ದೇ ತಡ ಕ್ರಿಸಾಂತೊ ತಾನೂ ಸರಿದ, ಹೇಳದೆ, ತಿರುಗಿ ನೋಡದೆ, ನಿದ್ದೆಯಲ್ಲಿ ಮಗ್ಗಲು ಬದಲಿಸಿದಂತೆ, ಅವನ ಎಡಭುಜ ಗಾಡಿಯಿಂದಾಚೆಗೆ ಹೋಯಿತು, ಎಡಗಡೆಯ ಅರ್ಧ ಮೈ ಸೀಟಿನ ಅಂಚಿನಿಂದ ಹೊರಗೆ ತೂಗುತ್ತಿದೆ, ಇಡೀ ಭಾರ ಬಲಗುಂಡೆಯೊಂದರ ಮೇಲೆ, ಆ ಬಲಗಾಲಿನ ಮೇಲೆ. ಅಯ್ಯೋ. ಯಾವಾಗಿನಿಂದ? ಹೋದ ಮಳೆಗಾಲ, ಇದೇ ತಿರುವಿನಲ್ಲಿ ಪಕ್ಕದ ಮನೆಯವನ ಗಾಡಿ ಉರುಳಿದಾಗ, ನಾಳೆಯಿಂದ ನಾನೂ ಬರ್ತೀನಿ ಅಂತ ಹಟ ಹಿಡಿದಳು, ನಿನ್ನ ಕಣ್ಣು ರಸ್ತೆ ಮೇಲಿರಲಿ, ನನ್ನ ಕಣ್ಣು ನಿನ್ನ ಮೇಲೆ, ನೋವು ಶುರುವಾದದ್ದೂ ಆ ಮಳೆಗಾಲವೇ, ಅವಳು ಮಳೆಯನ್ನು ಬೈದಳು, ಸೀಟನ್ನು ಬೈದಳು, ದಿಂಬು ಹೊಲಿದಳು — ಅರ್ಧ ಸೀಟಿನ ಮೇಲೆ ಕೂತವನಿಗೆ ಇಡೀ ಸೀಟಿನ ದಿಂಬು! ಒಂದು ಮಾತು ಹೇಳಬಾರದಿತ್ತೇ ಇವನು, ಬಾಯಿಗೇನಾಗಿತ್ತು, ಅಷ್ಟರಲ್ಲಿ ಅಡ್ಡರಸ್ತೆಯಿಂದ ಮೂರು ಗಾಲಿಯ ಗಾಡಿಯೊಂದು ನುಗ್ಗಿತು, ಅಂಗೈ ತೊಡೆಯನ್ನು ಹುಡುಕಿತು, ಕಾಲು ಏಳಲಿಲ್ಲ, ಎದ್ದಿತು, ಬ್ರೇಕು, ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು, ಬುಟ್ಟಿಯ ಮೀನು ಅವಳ ಮಡಿಲಿಗೆ, ಆ ಗಾಡಿಯ ತಗಡು ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ. ನಿಂತಿತು. ಹೊಸಾ ಮೀನಮ್ಮ, ಇನ್ನೂ ಈಜ್ತಾ ಇದೆ, ಅಂದ ಕ್ರಿಸಾಂತೊ, ಎಲ್ಲರೂ ನಕ್ಕರು, ಅವನ ತುಟಿ ಬಿಳಿಚಿತ್ತು.

ಇಳೀತೀನಿ, ಅಂದಳು ನೋರ್ಮಿತಾ. ಯಾಕೆ, ಏನಾಯ್ತು ನೋರ್? ಹಿಂದೆ ಕೂರ್ತೀನಿ, ನೀನು ನೆಟ್ಟಗೆ ಕೂರು, ಪೂರ್ತಿ ಕೂರು, ನಿನ್ನದೇ ಗಾಡಿ ಅಲ್ವಾ. ಅವನು ಗೇರಿನ ಕೋಲನ್ನು ಅವಳ ಮೊಣಕಾಲಿನಿಂದಾಚೆ ಸರಿಸಿ ದಾರಿ ಬಿಟ್ಟ, ಅದೇ ಉತ್ತರ. ಹಿಂದಿನ ಬೆಂಚಿನಲ್ಲಿ, ಅವನ ಬೆನ್ನಿಗೇ ಅಂಟಿದ ಜಾಗದಲ್ಲಿ, ಯಾರೋ ಮೊಣಕಾಲು ಮಡಚಿ ದಾರಿ ಕೊಟ್ಟರು, ಬನ್ನಿ ಅಕ್ಕ, ಮುಂದೆ ಸೆಖೆಯಾ? ಗಾಡಿ ಹೊರಟಿತು. ಕ್ರಿಸಾಂತೊ ಸೀಟಿನ ನಡುವಿಗೆ ಸರಿದ, ಒಂದು ಸಲ ಸೊಂಟ ಅಲುಗಾಡಿಸಿ ಕೂತ, ಎರಡು ಭುಜಗಳೂ ಒಂದೇ ಮಟ್ಟಕ್ಕೆ ಬಂದವು, ಎಷ್ಟು ದಿನವಾಗಿತ್ತು ಈ ಭುಜಗಳನ್ನು ಹೀಗೆ ನೋಡಿ, ಅವನ ಉಸಿರು ಅವಳಿಗೆ ಕೇಳಿಸಿತು, ಉದ್ದನೆಯ ಉಸಿರು, ಸರಿ, ಸರಿಯಾಯಿತು, ಇಷ್ಟೇ ಆಗಬೇಕಿದ್ದದ್ದು, ಆದರೆ ಒಂದೇ ದಿನಕ್ಕೆ ಆ ಕಾಲಿಗೆ ಜೀವ ಬರುತ್ತದೆಯೇ, ಇಲ್ಲಿಂದ ಅವನ ಕತ್ತು ಕಾಣುತ್ತದೆ, ಕತ್ತಿನ ಬೆವರು ಕಾಣುತ್ತದೆ, ಕನ್ನಡಿಯಲ್ಲಿ ಒಂದು ಹುಬ್ಬು, ಅಷ್ಟೇ, ಸೀಟಿನ ಬೆನ್ನಿನಾಚೆ ಕೆಳಗೆ ಏನೂ ಕಾಣುವುದಿಲ್ಲ, ಚಾರ್ಜು ತಗೊಳ್ಳಿ ಅಕ್ಕ, ಹ್ಞಾ ಕೊಡಿ, ಪೇಟೆಗೆ ಇಬ್ಬರು, ಹ್ಞಾ, ಮತ್ತೆ ಇಳಿಜಾರು, ತಿರುವು ಬಂತು, ಅವನ ಬಲಗೈ ಸ್ಟಿಯರಿಂಗ್ ಬಿಟ್ಟಿತು, ಕೆಳಗಿಳಿಯಿತು, ಸೀಟಿನ ಮರೆಗೆ ಹೋಯಿತು — ಗೇರಿಗೋ, ತೊಡೆಗೋ, ಗೇರಿಗೋ — ಆ ಕೈ, ತೊಡೆಯ ಕೆಳಗೆ ಅಂಗೈ, ಆ ಕಾಲು, ಚಪ್ಪಲಿಯೊಳಗಿನ ಆ ಕಾಲು